ಮಬ್ರೂಕನ ವಿಮೆ

ಕಾಸಾಬ್ಲಾಂಕಾ, 3 ಸೆಪ್ಟೆಂಬರ್ 1995

ತಮ್ಮ ಮಿಲೂದಿಗೆ, ನಿನ್ನ ಅಕ್ಕ ತಾಮು ಬರೆಯುವುದು.

ನಾನು ಚೆನ್ನಾಗಿದ್ದೇನೆ, ನನ್ನ ಹೊಲಿಗೆ ಯಂತ್ರವೂ ಚೆನ್ನಾಗಿದೆ. ಮದುವೆಗಳ ಕಾಲ ಮುಗಿಯಿತು, ಇನ್ನು ಶಾಲೆಯ ಅಂಗಿಗಳ ಕಾಲ. ಅಮ್ಮನ ಮಂಡಿನೋವು ಹೇಗಿದೆ? ಈ ಕಾಗದವನ್ನು ಅವಳಿಗೆ ಓದಿ ಹೇಳು, ಆದರೆ ಮುಂದಿನದನ್ನು ಬಿಟ್ಟು ಓದು.

ಆಗಸ್ಟ್ ಜಾತ್ರೆಯಲ್ಲಿ ಕಬ್ಬೂರನ ಕುದುರೆ ಕಾಲು ಮುರಿದುಕೊಂಡದ್ದನ್ನು ನಾನೂ ನೋಡಿದೆ. ಹದಿನೈದು ಸವಾರರು ಒಂದೇ ಸಾಲಿನಲ್ಲಿ ಹಾರಿಬಂದು ಒಂದೇ ಸದ್ದಿನಲ್ಲಿ ಕೋವಿ ಹಾರಿಸಿದರು, ಹೊಗೆ ಕರಗುವಷ್ಟರಲ್ಲಿ ಹದಿನಾಲ್ಕೇ ಕುದುರೆ ನಿಂತಿದ್ದವು. ಕಬ್ಬೂರ್ ಈಗ ಹಾಲಿನ ಗಾಡಿ ಹೊಡೆಯುತ್ತಾನಂತೆ. ಅವನ ಜಾಗದಲ್ಲಿ ನೀನಿದ್ದರೆ ಎಂದು ನೆನೆಸಿಕೊಂಡು ನನಗೆ ಊಟ ಸೇರಲಿಲ್ಲ. ಅಪ್ಪ ಹೋಗಿ ಎರಡು ವರ್ಷವಾಯಿತು. ಸವಾರರ ತಂಡದ ಮುಖಂಡತನವನ್ನೂ ತಮ್ಮ ಕುದುರೆ ಮಬ್ರೂಕನನ್ನೂ ನಿನ್ನ ಕೈಗೆ ಕೊಟ್ಟು ಹೋದರು. ಮುಖಂಡನಿಗೆ ಸ್ವಂತ ಕುದುರೆ ಇರದಿದ್ದರೆ ಮಾರನೆಯ ದಿನವೇ ಬೇರೆಯವನು ಮುಖಂಡ, ಅದು ನಿನಗೂ ಗೊತ್ತು.

ಇಲ್ಲಿ ಕುದುರೆಗೆ ವಿಮೆ ಮಾಡುತ್ತಾರೆ. ನಗಬೇಡ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು?

ತಾಮು

*

ಊಲಾದ್ ರಹಾಲ್, 17 ಸೆಪ್ಟೆಂಬರ್ 1995

ಅಕ್ಕಾ, ನಿನಗೆ ದೇವರು ಆಯುಸ್ಸು ಕೊಡಲಿ.

ನೀನು ಬಿಟ್ಟು ಓದು ಎಂದದ್ದನ್ನು ಅಮ್ಮ ಬಿಡದೆ ಓದಿಸಿಕೊಂಡಳು. "ವಿಮೆ ಅಂದ್ರೆ ಏನೋ?" ಅಂದಳು. ಕುದುರೆಗೆ ಕಷ್ಟ ಬಂದರೆ ಪಟ್ಟಣದವರು ದುಡ್ಡು ಕೊಡುತ್ತಾರೆ ಅಂದೆ. "ಕಷ್ಟ ಬರ್ಲಿ ಅಂತ ಮುಂಚೇನೇ ಕಾಗದ ಬರ್ಕೊಡ್ತೀಯಾ? ನಿಮ್ಮಪ್ಪ ಇದ್ದಿದ್ರೆ ಕಾಗದದ ಜೊತೆ ನಿನ್ನನ್ನೂ ಹರಿದುಹಾಕ್ತಿದ್ರು" ಅಂದಳು.

ನನಗೂ ಒಪ್ಪಿಗೆ ಇರಲಿಲ್ಲ. ಆದರೆ ನಿನ್ನೆ ಸಂತೆಯಲ್ಲಿ ಕಬ್ಬೂರ್ ಸಿಕ್ಕಿದ. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡ. ಸವಾರನಾಗಿದ್ದವನು ಸವಾರನ ಕಣ್ಣು ತಪ್ಪಿಸುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹಾಗಾಗಿ ನೀನೇ ವಿಚಾರಿಸು. ಕಂಪನಿ ಆರಿಸುವುದು ನಿನ್ನ ಕೆಲಸ. ಬಟ್ಟೆ ಅಂಗಡಿಯಲ್ಲಿ ಒಂದು ಗಜಕ್ಕೆ ಒಂದು ಗಂಟೆ ಚೌಕಾಸಿ ಮಾಡುವವಳಿಗೆ ಅವರು ಮೋಸ ಮಾಡಲಾರರು.

ಮಿಲೂದಿ

*

ಕಾಸಾಬ್ಲಾಂಕಾ, 8 ಅಕ್ಟೋಬರ್ 1995

ಮಿಲೂದಿ,

ಮೂರು ಆಫೀಸು ಸುತ್ತಿದೆ, ಚಪ್ಪಲಿ ಸವೆಯಿತು.

ಮೊದಲನೆಯವನು ಟ್ರ್ಯಾಕ್ಟರು, ಹಸು, ಕುದುರೆ ಎಲ್ಲಕ್ಕೂ ಒಂದೇ ಪುಸ್ತಕ ತೆಗೆದ. ಕುದುರೆ ಸತ್ತರೆ ಮಾತ್ರ ಹಣವಂತೆ. "ಕಾಯಿಲೆ ಬಿದ್ದು ಬದುಕಿಬಿಟ್ರೆ?" ಅಂತ ಕೇಳಿದೆ. "ಬದುಕಿದ್ರೆ ನಿಮಗೆ ಕುದುರೇನೇ ಇರತ್ತಲ್ಲ ತಾಯೀ" ಅಂದ. ಎದ್ದು ಬಂದೆ.

ಎರಡನೆಯ ಕಡೆ ಅಗ್ಗ, ಕುರ್ಚಿ ಮೆತ್ತಗೆ, ಚಹಾನೂ ಕೊಟ್ಟರು. ಅಷ್ಟು ಮರ್ಯಾದೆ ಕಂಡು ನನಗೆ ಸಂಶಯ ಬಂತು. ಸಣ್ಣ ಅಕ್ಷರವನ್ನೆಲ್ಲ ಅಲ್ಲೇ ಕೂತು ಓದಿದೆ. ಕೋವಿ ಹಾರಿಸುವ ಸವಾರಿಯಲ್ಲಿ ಆದ ಯಾವುದಕ್ಕೂ ಅವರು ಜವಾಬ್ದಾರರಲ್ಲವಂತೆ. ಮತ್ತೆ ಮಬ್ರೂಕ್ ಇರುವುದು ಅಮ್ಮನಿಗೆ ನೀರು ಹೊರಲಿಕ್ಕೋ?

ಮೂರನೆಯದು ಗಡಿಯಾರದ ಬೀದಿಯಲ್ಲಿದೆ. ದುಬಾರಿ, ಕುರ್ಚಿಯೂ ಗಟ್ಟಿ. ಆದರೆ ಸವಾರಿಯಲ್ಲಿ ಬಿದ್ದರೂ ಕೊಡುತ್ತಾರೆ, ಹೊಟ್ಟೆ ಕೊಯ್ದು ಚಿಕಿತ್ಸೆ ಮಾಡಿದರೂ ಕೊಡುತ್ತಾರೆ. ಎರಡು ಷರತ್ತು ನೆನಪಿಡು. ಏನಾದರೂ ಆದರೆ ಎರಡು ದಿನದೊಳಗೆ ಅವರಿಗೆ ತಿಳಿಸಬೇಕು. ಮೊದಲು ಅವರ ಪಶುವೈದ್ಯರು ಊರಿಗೆ ಬಂದು ಕುದುರೆ ನೋಡಿ, ಅದರ ಬಣ್ಣ, ಗುರುತು ಎಲ್ಲ ಬರೆದುಕೊಂಡು ಹೋಗಬೇಕು. ಡಾಕ್ಟರ್ ಸ್ಕಲ್ಲಿ ಅಂತ, ಎಲ್ ಜದೀದಾದವರು. ಚೆನ್ನಾಗಿ ನೋಡಿಕೋ. ಗೋಡೆಗೆ ಸುಣ್ಣ ಹೊಡೆಸು, ನನ್ನ ಮಾನ ಉಳಿಸು.

ತಾಮು

*

ಊಲಾದ್ ರಹಾಲ್, 2 ನವೆಂಬರ್ 1995

ಅಕ್ಕಾ,

ಡಾಕ್ಟರು ಬಂದು ಹೋದರು. ದೊಡ್ಡ ಹೊಟ್ಟೆ, ಕಿವಿಯಲ್ಲಿ ಕೂದಲು, ಒಳ್ಳೆಯ ಮನುಷ್ಯ. ಗೋಡೆಗೆ ಸುಣ್ಣ ಹೊಡೆಸಿದ್ದೆ. ಅಮ್ಮ ಎರಡು ದಿನ ಮುಂಚೆಯೇ ಸಡಗರ ಶುರು ಮಾಡಿದ್ದಳು. ಅಂಗಳಕ್ಕೆ ಹೊಸ ಚಾಪೆ, ಕುಸ್ಕುಸ್‌ಗೆ ಏಳು ತರಕಾರಿ, ಮಬ್ರೂಕನಿಗೆ ಸ್ನಾನ, ಮದರಂಗಿ, ಬಾಲಕ್ಕೆ ಹೊಸ ದಾರ. ಮದುಮಗನನ್ನು ನೋಡಲು ಬಂದ ಬೀಗರ ಹಾಗೆ ಡಾಕ್ಟರು ಊಟ ಮಾಡಿದರು. ಆಮೇಲೆ ಲಾಯದ ನೆರಳಲ್ಲಿ ನಿಂತು ಒಂದು ಹಾಳೆಯಲ್ಲಿ ಕುದುರೆಯ ಚಿತ್ರಕ್ಕೆ ಗೀಟು ಎಳೆಯುತ್ತಾ ಒಂದು ಗಂಟೆ ಬರೆದರು. ನಾನು ಸಹಿ ಹಾಕಿದೆ.

ಹೋಗುವಾಗ ಅಮ್ಮ ಅವರ ಚೀಲದಲ್ಲಿ ಬೆಣ್ಣೆ ಇಟ್ಟಳು. ನಿನ್ನ ಮಾನ ಉಳಿಯಿತು.

ನಿನಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆ ದಿನದಿಂದ ನೆಮ್ಮದಿಯಾಗಿ ನಿದ್ದೆ ಬರುತ್ತಿದೆ.

ಮಿಲೂದಿ

*

ರಬಾತ್, 19 ಏಪ್ರಿಲ್ 1996

ಮಿಲೂದಿ,

ನೀನು ಅಂಚೆ ಕಚೇರಿಯಿಂದ ಫೋನಿನಲ್ಲಿ ಕೂಗಿದ್ದರಲ್ಲಿ ಅರ್ಧ ನನಗೆ ಕೇಳಿಸಲೇ ಇಲ್ಲ. "ಹೊಟ್ಟೆ", "ಉರುಳಾಡ್ತಿದಾನೆ", "ಲಾರಿ", ಅಷ್ಟೇ. ಹೊಲಿಯುತ್ತಿದ್ದ ಅಂಗಿಗೆ ಸೂಜಿ ಚುಚ್ಚಿಟ್ಟು ಕಂಪನಿಗೆ ಓಡಿ ವಿಷಯ ಬರೆಸಿದೆ. ನಾನು ಪಶು ಆಸ್ಪತ್ರೆ ಮುಟ್ಟುವಷ್ಟರಲ್ಲಿ ನೀನು ಲಾರಿಯ ಜೊತೆ ಹಿಂದಿರುಗಿದ್ದೆ. ಅಮ್ಮ ಒಬ್ಬಳೇ ಇದ್ದಾಳೆ, ಹೋದದ್ದು ಸರಿಯಾಯಿತು. ಆದ್ದರಿಂದ ಇಲ್ಲಿಯದನ್ನು ನಾನು ಹೇಳುತ್ತೇನೆ.

ಅವನು ಬದುಕಿದ್ದಾನೆ. ಕರುಳು ತಿರುಚಿಕೊಂಡಿತ್ತಂತೆ. ಮೂರು ಗಂಟೆ ಚಿಕಿತ್ಸೆ. ಇನ್ನೊಂದು ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಆ ಲಾರಿಯವನು ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲವಂತೆ, ಅವನ ಮಕ್ಕಳು ಚೆನ್ನಾಗಿರಲಿ. ಇಲ್ಲಿನ ವಿದ್ಯಾರ್ಥಿನಿಯರು ಸರದಿಯ ಮೇಲೆ ಅವನ ಕೊರಳು ತಬ್ಬಿಕೊಂಡು ನಿಲ್ಲುತ್ತಾರೆ.

ನಾನು ಅವನನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಅಪ್ಪ ಅವನನ್ನು ಕೊಂಡಾಗ ನಾನು ಮದುವೆಯಾಗಿ ಬಂದಾಗಿತ್ತು. ಜಾತ್ರೆಯಲ್ಲಿ ಕಂಡಾಗಲೆಲ್ಲ ಮುಖದ ತುಂಬ ಜರಿ ಕುಚ್ಚು. ಹಣೆಯ ಮೇಲೆ ಎಷ್ಟು ಚಂದದ ಬಿಳಿ ಚುಕ್ಕೆ! ಹಿಂದಿನ ಕಾಲುಗಳಿಗೆ ಬಿಳಿ ಕಾಲುಚೀಲ ಹಾಕಿದಂತಿದೆ. ಅವನ ಮುಖಕ್ಕೆ ಮುಖ ಇಟ್ಟು ಅತ್ತೆ. ಕಾಗದಪತ್ರವೆಲ್ಲ ಕಂಪನಿಗೆ ಕೊಡುತ್ತೇನೆ, ಚಿಂತೆ ಬಿಡು.

ತಾಮು

*

ಕಾಸಾಬ್ಲಾಂಕಾ, 21 ಮೇ 1996

ಮಿಲೂದಿ,

ಮಬ್ರೂಕ್ ಮನೆ ಸೇರಿದ ಸಂತೋಷದಲ್ಲಿರುವಾಗ ಇದನ್ನು ಬರೆಯಬೇಕಾಯಿತಲ್ಲ. ಕಂಪನಿಯವರು ಹಣ ಕೊಡುವುದಿಲ್ಲ ಎಂದಿದ್ದಾರೆ. ಅವರ ಕಾಗದ ಜೊತೆಗಿದೆ. ವಿಮೆ ಮಾಡಿಸಿದ ಕುದುರೆ "ಕೆಂಗಂದು, ಬಿಳಿ ಗುರುತು ಎಲ್ಲಿಯೂ ಇಲ್ಲ." ಆಸ್ಪತ್ರೆಯಲ್ಲಿದ್ದ ಕುದುರೆಗೆ ಹಣೆಯಲ್ಲಿ ಚುಕ್ಕೆ, ಎರಡು ಬಿಳಿ ಕಾಲು. ಒಂದು ಕುದುರೆ ತೋರಿಸಿ ಇನ್ನೊಂದಕ್ಕೆ ಹಣ ಕೇಳಿದ್ದೀರಿ, ಇದು ವಂಚನೆ ಎಂದು ಬರೆದಿದ್ದಾರೆ. ನಿನ್ನ ಹೆಸರು ಹಾಕಿ ಬರೆದಿದ್ದಾರೆ.

ಕೌಂಟರಿನ ಹುಡುಗಿ ನಮ್ಮ ಕಡೆಯವಳು, ಪಾಪ. "ತಪ್ಪಾಗಿದ್ರೆ ಡಾಕ್ಟರೇ ಮತ್ತೆ ಬಂದು ನೋಡಿ ಬರ್ಕೊಡ್ಬೇಕು ಅಕ್ಕಾ, ಬೇರೆ ದಾರಿ ಇಲ್ಲ" ಅಂದಳು.

ಒಂದು ಮಾತು ಕೇಳಬೇಕು. ಚಿಕ್ಕಪ್ಪನ ಕೆಂಗಂದು ಕುದುರೆಯೂ ನಮ್ಮ ಲಾಯದಲ್ಲೇ ಇರುತ್ತದೆ, ಅದಕ್ಕೆ ಬಿಳಿ ಗುರುತಿಲ್ಲ ಎಂದು ನೀನೇ ಹಿಂದೊಮ್ಮೆ ಬರೆದಿದ್ದೆ. ಡಾಕ್ಟರು ಬಂದ ದಿನ ನೀನು ಯಾವುದನ್ನು ತೋರಿಸಿದೆ? ಮಬ್ರೂಕನಿಗೆ ಆಗಲೇ ಹೊಟ್ಟೆನೋವು ಏನಾದರೂ ಇತ್ತೇ? ಏನೇ ಆಗಿದ್ದರೂ ನಾನು ನಿನ್ನ ಅಕ್ಕ. ನಿಜ ಹೇಳು.

ತಾಮು

*

ಊಲಾದ್ ರಹಾಲ್, 30 ಮೇ 1996

ಅಕ್ಕಾ,

ತೋರಿಸಿದ್ದು ಮಬ್ರೂಕನನ್ನೇ. ಕಂಪನಿಗೆ ಏನೂ ಬರೆಯಬೇಡ, ಡಾಕ್ಟರನ್ನೂ ಕರೆಸಬೇಡ. ಆಸ್ಪತ್ರೆಯ ಹಣವನ್ನು ಜೂನ್ ಕೊನೆಯೊಳಗೆ ಕೊಡುತ್ತೇನೆ ಎಂದು ಸಹಿ ಹಾಕಿದ್ದೇನೆ, ನಾನೇ ಕೊಡುತ್ತೇನೆ.

ಈ ವಿಷಯ ಕಾಗದದಲ್ಲಿ ಮತ್ತೆ ಎತ್ತಬೇಡ. ಕಾಗದಗಳನ್ನು ಮನೆಯಲ್ಲಿ ಎಲ್ಲರ ಮುಂದೆ ಓದಬೇಕಾಗುತ್ತದೆ.

ಮಿಲೂದಿ

*

ಕಾಸಾಬ್ಲಾಂಕಾ, 9 ಜೂನ್ 1996

ಮಿಲೂದಿ,

ನನ್ನ ಮೇಲೆ ಕೋಪವೇ? ನಾಲ್ಕೇ ಸಾಲು ಬರೆದು ಬಾಗಿಲು ಹಾಕಿಕೊಂಡೆಯಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ, ನೀನು ಹೆಗಲನ್ನೇ ತೋರಿಸದೆ ಕೂತಿದ್ದೀಯ. ಕಂಪನಿ ಆರಿಸಿದವಳು ನಾನು. ನಿನ್ನ ಹೆಸರಿಗೆ ಮಸಿ ಬಿದ್ದರೆ ಅದು ನನ್ನ ಕೈಯಿಂದ ಬಿದ್ದ ಮಸಿ. ಎರಡು ಸಾಲಾದರೂ ಬರೆ.

ತಾಮು

*

ಕಾಸಾಬ್ಲಾಂಕಾ, 25 ಜೂನ್ 1996

ಮಿಲೂದಿ,

ನೀನು ಬರೆಯಲಿಲ್ಲ. ಹಾಗಾಗಿ ನಿನ್ನ ಹಳೆಯ ಕಾಗದಗಳನ್ನು ಡಬ್ಬಿಯಿಂದ ತೆಗೆದು ಓದುತ್ತಾ ಕೂತೆ. ನವೆಂಬರಿನದನ್ನು ಮೂರು ಸಲ ಓದಿದೆ. ಚಾಪೆ, ಏಳು ತರಕಾರಿ, ಸ್ನಾನ, ಮದರಂಗಿ.

ಮದರಂಗಿ! ಅಮ್ಮ ಎಲ್ಲಿಗೆ ಹಚ್ಚಿದಳು ಎಂದು ಕೇಳಬೇಕಾದ್ದೇ ಇಲ್ಲ. ಪಟ್ಟಣದಿಂದ ಅಪರಿಚಿತನೊಬ್ಬ ಕುದುರೆಯನ್ನು ಅಡಿಯಿಂದ ಮುಡಿಯವರೆಗೆ ನೋಡಲು ಬರುತ್ತಾನೆ ಎಂದರೆ, ಅತ್ಯಂತ ಚಂದದ್ದು ಯಾವುದೋ ಅದನ್ನು ಮೊದಲು ಮುಚ್ಚಬೇಕು. ನನ್ನ ಮದುವೆಯ ದಿನ ನನ್ನ ಕೆನ್ನೆಗೇ ಮಸಿ ಹಚ್ಚಿದವಳು ಅವಳು. ಬಿಳಿ ಕೂದಲಿಗೆ ಮದರಂಗಿ ಹಚ್ಚಿದರೆ ಕೆಂಪಾಗಿ ಮೈಬಣ್ಣಕ್ಕೆ ಬೆರೆಯುತ್ತದೆ. ಚಳಿಗಾಲದ ಕೂದಲು ಉದುರಿ ಹೊಸದು ಬಂದಾಗ ಚುಕ್ಕೆ ಮತ್ತೆ ಬೆಳ್ಳಗೆ ಎದ್ದಿದೆ. ಅಷ್ಟೇ ಅಲ್ಲವೇ?

ನೀನು ಯಾಕೆ ಬಾಯಿ ಬಿಡಲಿಲ್ಲ ಎನ್ನುವುದೂ ತಿಳಿಯಿತು. ನಮ್ಮ ಮನೆಯ ಅನ್ನ ಉಂಡ ಅತಿಥಿಗೆ "ನಿಮ್ಮ ಕಣ್ಣು ತಾಗೀತು ಅಂತ ಮುಚ್ಚಿಟ್ಟೆವು" ಎಂದು ಯಾವ ಬಾಯಲ್ಲಿ ಹೇಳುವುದು? ಅಪ್ಪನ ಮಗ ನೀನು, ಅದರ ಬದಲು ಕಳ್ಳ ಅನ್ನಿಸಿಕೊಳ್ಳುತ್ತೀಯ. ಆದರೆ ನಾನು ಪಟ್ಟಣದಲ್ಲಿ ಹತ್ತು ವರ್ಷದಿಂದ ಇರುವವಳು, ನನಗೆ ನಾಚಿಕೆ ಕಡಿಮೆ. ನಿನ್ನೆ ಬಸ್ಸು ಹತ್ತಿ ಎಲ್ ಜದೀದಾಕ್ಕೆ ಹೋದೆ.

ಡಾಕ್ಟರು ಮೊದಲು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಕಂಪನಿಯವರು ಅವರಿಗೂ ಬಿಸಿ ಮುಟ್ಟಿಸಿದ್ದಾರಂತೆ. ನಾನು ಮದರಂಗಿಯ ವಿಷಯ ಹೇಳಿದೆ, ಯಾಕೆ ಹಚ್ಚಿದ್ದೆಂದೂ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡೆ. ಬಾಗಿಲ ಚೌಕಟ್ಟು ಹಿಡಿದು ಹೊಟ್ಟೆ ಕುಣಿಯುವ ಹಾಗೆ ನಕ್ಕರು.

"ಮೂವತ್ತು ವರ್ಷ ಕುದುರೆ ನೋಡಿದೀನಿ ತಾಯೀ. ಕುಸ್ಕುಸ್ ಸ್ವಲ್ಪ ಕಮ್ಮಿ ತಿಂದಿದ್ರೆ ಮದರಂಗೀನೂ ಕಾಣ್ತಿತ್ತು" ಅಂದರು.

ಆಮೇಲೆ ಒಳಗೆ ಕೂರಿಸಿ ತಮ್ಮ ಹಾಳೆಯ ಪ್ರತಿ ತೆಗೆದರು. ಬಣ್ಣದ ಜೊತೆ ಕುದುರೆಯ ಸುಳಿಗಳನ್ನೂ ಬರೆಯುತ್ತಾರಂತೆ. ಯಾವ ಸುಳಿ ಎಲ್ಲಿ, ಯಾವ ಕಡೆ ತಿರುಗಿದೆ ಎಂದು. "ಬಣ್ಣ ಬಳಿಬಹುದು, ಸುಳಿ ಬಳಿಯೋಕಾಗಲ್ಲ. ಗುರುವಾರ ಬರ್ತೀನಿ. ಸುಳಿ ಹೊಂದಿದ್ರೆ ನನ್ನ ತಪ್ಪು ಅಂತ ನಾನೇ ಬರ್ಕೊಡ್ತೀನಿ" ಅಂದರು.

ಬೈಯುವುದಿದ್ದರೆ ಆಮೇಲೆ ಬೈ. ಗುರುವಾರ ಮನೆಯಲ್ಲಿರು. ಈ ಕಾಗದವನ್ನು ಅಂಚೆಗೆ ಹಾಕದೆ ಸಿದಿ ಬೆನ್ನೂರ್ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ, ನಿನ್ನ ಕೈಗೇ ಕೊಡು ಎಂದಿದ್ದೇನೆ.

ತಾಮು

*

ಊಲಾದ್ ರಹಾಲ್, 1 ಜುಲೈ 1996

ಅಕ್ಕಾ,

ನಿಧಾನವಾಗಿ ಕೂತು ಓದು, ಉದ್ದವಿದೆ.

ಗುರುವಾರ ಡಾಕ್ಟರು ಬಂದರು. ಹೊಲಿಗೆ ವಾಸಿಯಾಗಿದೆಯೋ ನೋಡಲು ಬರುತ್ತಾರೆ ಎಂದು ಅಮ್ಮನಿಗೆ ಹೇಳಿದ್ದೆ. ಈ ಸಲ ಅವರು ಊಟಕ್ಕೆ ಮುಂಚೆಯೇ ಮಬ್ರೂಕನನ್ನು ಬಿಸಿಲಿಗೆ ತರಿಸಿದರು. ಹಾಳೆ ಕೈಯಲ್ಲಿ ಹಿಡಿದು ಕೂದಲಿನ ಮೇಲೆ ಬೆರಳಾಡಿಸುತ್ತಾ ಓದಿಕೊಂಡರು. ಹಣೆಯಲ್ಲಿ ಜೋಡಿ ಸುಳಿ, ಒಂದು ಮೇಲೆ ಒಂದು ಕೆಳಗೆ. ಕೊರಳಿನ ಎಡಕ್ಕೆ ಉದ್ದ ಸುಳಿ. ಎದೆಯಲ್ಲಿ ಒಂದು. ಎಲ್ಲವೂ ಹೊಂದಿದವು. ನನ್ನ ಭುಜ ತಟ್ಟಿ, "ಮುಖಂಡ್ರೇ, ನಿಮ್ಮ ಕುದುರೆ ನಿಮ್ಮದೇ" ಅಂದರು.

ಆಗ ಅಮ್ಮ ರೊಟ್ಟಿ, ಆಲಿವ್ ಹಿಡಿದು ಬಂದಳು. ಡಾಕ್ಟರಿಗೆ ಏನು ಗೊತ್ತು ಪಾಪ, ನಗುತ್ತಾ ಹೇಳಿಬಿಟ್ಟರು: "ಅಮ್ಮಾ, ನಿಮ್ಮ ಮದರಂಗಿ ದೆಸೆಯಿಂದ ಎರಡನೇ ಸಲ ಬಂದೆ ನೋಡಿ. ಕಂಪನಿಯವ್ರು ಬೇರೆ ಕುದುರೆ ಅಂತ ಕೂತಿದ್ರು!"

ಅತಿಥಿಯ ಮರ್ಯಾದೆ ಒಂದೇ ಕಾರಣ ಎಂದು ನೀನು ಬರೆದೆ. ಅದು ಅರ್ಧ ಮಾತ್ರ. ಅವಳಿಗೆ ತಿಳಿಯಬಾರದಿತ್ತು ಅಕ್ಕಾ. ಅಪ್ಪನ ಕುದುರೆಯನ್ನು ಕಾಯಲಿಕ್ಕೆ ಹಚ್ಚಿದ ಮದರಂಗಿಯಿಂದಲೇ ಆ ಕುದುರೆ ಕೈಬಿಟ್ಟು ಹೋಗುತ್ತದೆ ಎಂದು ತಿಳಿದರೆ ಅವಳು ಉಳಿಯುತ್ತಿದ್ದಳೇ? ಕಂಪನಿಯ ಕಾಗದ ಬಂದ ದಿನವೇ ಅದನ್ನು ಒಲೆಗೆ ಹಾಕಿದ್ದೆ. ಆ ಐದು ವಾರ, ಆಸ್ಪತ್ರೆಯವರು ಧರ್ಮಕ್ಕೆ ಚಿಕಿತ್ಸೆ ಮಾಡಿದರು ಎಂದು ಅವಳಿಗೆ ಹೇಳಿಕೊಂಡು ಬಂದಿದ್ದೆ.

ಅಮ್ಮ ತಟ್ಟೆ ಕೆಳಗಿಟ್ಟಳು. "ನನ್ನಿಂದ ಕುದುರೆ ಹೋಗ್ತಿತ್ತೇನೋ?" ಅಂದಳು. ಆಮೇಲೆ ಡಾಕ್ಟರ ಕಡೆ ತಿರುಗಿದಳು. "ಮಗಾ, ನಿನ್ನ ಕಣ್ಣಿಗೆ ಹೆದರಿದ್ದೆ ನಾನು. ಆ ಕಣ್ಣೇ ನಮ್ಮನ್ನ ಉಳಿಸ್ತು. ತಪ್ಪಾಯ್ತು."

ಡಾಕ್ಟರು ಅವಳ ಕೈ ಹಿಡಿದು ತಲೆಗೆ ಮುತ್ತಿಟ್ಟರು. "ನನಗೆ ಹದಿನೈದು ವರ್ಷ ಆಗೋವರ್ಗೂ ನಮ್ಮಮ್ಮ ಹೊಸ ಅಂಗಿಗೆ ಹಳೇ ತೇಪೆ ಹಾಕಿ ಕಳಿಸ್ತಿದ್ರು. ಶಾಲೇಲಿ ಎಲ್ಲಾ ನಗ್ತಿದ್ರು. ಈಗ ಆ ತೇಪೆ ಹಾಕೋರಿಲ್ಲ" ಅಂದರು. ಆಮೇಲೆ ಇಬ್ಬರೂ ಅಳುತ್ತಾ ಕೂತರು, ರೊಟ್ಟಿ ನಾನೊಬ್ಬನೇ ತಿಂದೆ.

ಇನ್ನೊಂದು ನಿನಗೆ ಹೇಳಿರಲಿಲ್ಲ. ಸೆತ್ತಾತಿನ ಹಾಜಿ ಗಝ್ವಾನಿ ಮಬ್ರೂಕನನ್ನು ಕೇಳುತ್ತಲೇ ಇದ್ದರು. ಆಸ್ಪತ್ರೆಯ ಹಣಕ್ಕಾಗಿ ಜೂನ್ ಮೊದಲ ವಾರದಲ್ಲಿ ಅವರಿಗೆ ಮಾರುವ ಮಾತು ಕೊಟ್ಟಿದ್ದೆ. ಹೊಟ್ಟೆ ಕೊಯ್ದ ಕುದುರೆ ಇನ್ನು ಓಡಲಾರದು, ಅದಕ್ಕೇ ಮಾರುತ್ತೇನೆ ಎಂದು ಅಮ್ಮನಿಗೂ, ಮುಖಂಡತನ ಬಿಡುತ್ತೇನೆ ಎಂದು ತಂಡದ ಮುಂದೆಯೂ ಹೇಳಿ ಆಗಿತ್ತು. ಕುದುರೆ ಒಯ್ಯಲು ಅವರು ಬರುವುದಿದ್ದದ್ದು ಶುಕ್ರವಾರ. ನಿನ್ನ ಡಾಕ್ಟರು ಬಂದದ್ದು ಗುರುವಾರ.

ಶುಕ್ರವಾರ ನಮಾಜಿನ ನಂತರ ಲಾರಿ ಬಂತು. ಲಾರಿಯೊಳಗೆ ಹೊಸ ಹುಲ್ಲು ಹಾಸಿಕೊಂಡು ಬಂದಿದ್ದರು. ಕೊಟ್ಟ ಮಾತು ಮುರಿಯಬೇಕಾಗಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಹಾಜಿ ಮೂರು ಲೋಟ ಚಹಾ ಕುಡಿದರು. "ಅಪ್ಪನ ಕುದುರೇನ ಮಗನ ಕೈಯಿಂದ ಬಿಡಿಸ್ಕೊಂಡು ಹೋಗ್ಬೇಕಲ್ಲ ಅಂತ ದಾರಿಯೆಲ್ಲ ಮುಜುಗರ ಆಗ್ತಿತ್ತು ಕಣಯ್ಯಾ. ಹುಲ್ಲು ಇಳಿಸ್ಕೋ, ಅದು ಅವನಿಗೇ ತಂದಿದ್ದು" ಎಂದು ಹೇಳಿ ಖಾಲಿ ಲಾರಿಯಲ್ಲಿ ಹೋದರು. ಇಂಥ ಜನರ ನಡುವೆ ನನ್ನನ್ನು ಹುಟ್ಟಿಸಿದ್ದಕ್ಕೆ ದೇವರಿಗೆ ಎಷ್ಟು ನಮಿಸಲಿ?

ನೀನು ಬಸ್ಸು ಹತ್ತದಿದ್ದರೆ ಇವತ್ತು ಲಾಯ ಬರಿದಾಗಿರುತ್ತಿತ್ತು.

ಮಿಲೂದಿ

*

ಕಾಸಾಬ್ಲಾಂಕಾ, 14 ಜುಲೈ 1996

ಮಿಲೂದಿ,

ಕಂಪನಿಯ ಕಾಗದ ಬಂತು. ಆಸ್ಪತ್ರೆಯ ಹಣವನ್ನು ಪೂರ್ತಿ ಕಟ್ಟಿದ್ದಾರೆ. ವಂಚನೆ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಂಡು ವಿಷಾದ ತಿಳಿಸಿದ್ದಾರೆ. ಕೌಂಟರಿನ ಹುಡುಗಿ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು, ಅವಳಿಗೆ ಒಂದು ಅಂಗಿ ಹೊಲಿದುಕೊಡುತ್ತೇನೆ.

ನಿನ್ನ ಕಾಗದದಲ್ಲಿ ಲಾರಿಯ ಭಾಗಕ್ಕೆ ಬಂದಾಗ ಮುಂದೆ ಓದಲಾಗದೆ ಯಂತ್ರದ ಮೇಲೆ ತಲೆಯಿಟ್ಟು ಅತ್ತೆ. ಅಷ್ಟೆಲ್ಲ ಒಬ್ಬನೇ ಹೊತ್ತೆಯಲ್ಲೋ.

ನೀನು ನನ್ನನ್ನು ಹೊಗಳುತ್ತಿರುವಾಗ ಸುಮ್ಮನಿರಲು ಆಗುವುದಿಲ್ಲ. ನಾನು ನಿನ್ನನ್ನು ನಂಬಿ ಎಲ್ ಜದೀದಾಕ್ಕೆ ಹೋಗಲಿಲ್ಲ. ಮದರಂಗಿಯ ವಿಷಯ ಹೊಳೆದಿತ್ತು, ಹೌದು. ಆದರೂ ಬಸ್ಸಿನಲ್ಲಿ ಕೂತು, ಸುಳ್ಳಾಗಿದ್ದರೆ ಏನು ಮಾಡಲಿ, ನನ್ನ ತಮ್ಮ ನಿಜಕ್ಕೂ ಕುದುರೆ ಬದಲಿಸಿದ್ದರೆ ಅಪ್ಪನ ಸಮಾಧಿಯ ಮುಂದೆ ಹೇಗೆ ನಿಲ್ಲಲಿ ಎಂದೇ ಯೋಚಿಸುತ್ತಿದ್ದೆ. ಡಾಕ್ಟರು "ಸುಳಿ ಹೊಂದಿದ್ರೆ" ಅಂದಾಗ ಹೊಂದದಿದ್ದರೆ ಎಂಬುದೇ ನನಗೆ ಮೊದಲು ಹೊಳೆಯಿತು. ಗುರುವಾರ ಇಡೀ ದಿನ ಒಂದು ಹೊಲಿಗೆ ನೆಟ್ಟಗೆ ಬೀಳಲಿಲ್ಲ. ನಿನ್ನ ಜೊತೆ ಆಡಿ ಬೆಳೆದವಳು ನಾನು, ನಿನ್ನ ಮಾತು ನನಗೆ ಸಾಲಬೇಕಿತ್ತು. ಕ್ಷಮಿಸು.

ತಾಮು

*

ಊಲಾದ್ ರಹಾಲ್, 22 ಜುಲೈ 1996

ಅಕ್ಕಾ,

ಅದು ನನಗೆ ಮೇ ತಿಂಗಳಿಂದ ಗೊತ್ತಿತ್ತು. "ಯಾವುದನ್ನು ತೋರಿಸಿದೆ" ಎಂದು ನೀನು ಬರೆದ ಸಾಲನ್ನು ಹೊಲದಲ್ಲಿ ಒಬ್ಬನೇ ಕೂತು ಎಷ್ಟು ಸಲ ಓದಿದೆನೋ. ಉತ್ತರ ಬರೆಯದೆ ಇದ್ದದ್ದು ಅಮ್ಮನಿಗಾಗಿ ಮಾತ್ರವಲ್ಲ. ನಿನ್ನ ಮೇಲೆ ಸಿಟ್ಟೂ ಇತ್ತು. ಇನ್ನು ಇವಳಿಗೆ ಎಂದೂ ಬರೆಯುವುದಿಲ್ಲ ಎಂದು ಆಣೆಯನ್ನೂ ಇಟ್ಟಿದ್ದೆ.

ಈಗ ಬೇರೆ ಥರ ಕಾಣುತ್ತದೆ. ಕಂಪನಿಯವರಿಗೆ ಸಂಶಯ ಬಂತು, ಕಾಗದಕ್ಕೆ ಮುದ್ರೆ ಒತ್ತಿ ಕುರ್ಚಿಯಲ್ಲೇ ಕೂತರು. ನಿನಗೂ ಸಂಶಯ ಬಂತು, ನೀನು ಬಸ್ಸು ಹತ್ತಿದೆ. ನನ್ನನ್ನು ನಂಬಿ ಮನೆಯಲ್ಲಿ ಕೂತಿದ್ದವರು ಬೇಕಾದಷ್ಟು ಜನ ಇದ್ದರು ಅಕ್ಕಾ, ಅವರಲ್ಲಿ ಯಾರಿಂದಲೂ ಮಬ್ರೂಕ್ ಉಳಿಯಲಿಲ್ಲ.

ಈ ವರ್ಷದ ಜಾತ್ರೆಯಲ್ಲಿ ಮಬ್ರೂಕ್ ಓಡುವಂತಿಲ್ಲ, ಡೇರೆಯ ಪಕ್ಕ ನಿಲ್ಲುತ್ತಾನೆ. ನಾನು ಚಿಕ್ಕಪ್ಪನ ಕುದುರೆ ಮೇಲೆ ಮುಂದಾಳಾಗಿ ಹೋಗುತ್ತೇನೆ, ತಂಡದವರು ನನ್ನನ್ನು ಬಿಡಲಿಲ್ಲ. ಡಾಕ್ಟರು ಬರುತ್ತಾರೆ, ಹಾಜಿ ಬರುತ್ತಾರೆ. ನೀನೂ ಬಾ. ನಾವು ಓಡುವಾಗ ಗದ್ದಲಕ್ಕೆ ಬೆದರದಂತೆ ಮಬ್ರೂಕನ ಹಗ್ಗ ಹಿಡಿದು ನಿಲ್ಲಲು ಒಬ್ಬರು ಬೇಕು. ಅಮ್ಮ ಹಿಡಿಯುತ್ತೇನೆ ಅಂದಳು, ಬೇಡ, ಅಕ್ಕನೇ ಹಿಡಿಯಲಿ ಅಂದೆ.

ಮಿಲೂದಿ